ಸರಿಯಿದ್ದುದು ಕೆಡದಂತೆ ಕಾಯುವ ಕೆಲಸ: ಡೇಟಾಬೇಸ್‌ಗಳ ‘ರಿಗ್ರೆಶನ್’ ಪರೀಕ್ಷೆ

2024ರ ನವೆಂಬರ್ 14ರಂದು ‘ಪೋಸ್ಟ್‌ಗ್ರೆಸ್‌ಕ್ಯೂಎಲ್’ ಎಂಬ ಡೇಟಾಬೇಸ್ ತಂತ್ರಾಂಶದ ಹೊಸ ತಿದ್ದುಪಡಿಗಳು ಬಿಡುಗಡೆಯಾದವು. ಭದ್ರತೆಗೆ ಸಂಬಂಧಿಸಿದ ಕೆಲವು ಲೋಪಗಳನ್ನು ಅವುಗಳಲ್ಲಿ ಸರಿಪಡಿಸಲಾಗಿತ್ತು. ಸಾಮಾನ್ಯವಾಗಿ ಇಂತಹ ತಿದ್ದುಪಡಿಗಳು ಮೂರು ತಿಂಗಳಿಗೊಮ್ಮೆ ಬರುತ್ತವೆ. ಆದರೆ ಈ ಬಾರಿ ಕೇವಲ ಒಂದು ವಾರದ ಬಳಿಕ, ನವೆಂಬರ್ 21ರಂದು, ಮತ್ತೊಂದು ಕಂತನ್ನು ತುರ್ತಾಗಿ ಹೊರತರಬೇಕಾಯಿತು. ಕಾರಣ ಸರಳ. ಒಂದು ತಪ್ಪನ್ನು ತಿದ್ದಲು ಹೋಗಿ, ಅದುವರೆಗೆ ಸರಿಯಾಗಿ ನಡೆಯುತ್ತಿದ್ದ ಬೇರೆ ಕೆಲಸಗಳು ಕೆಟ್ಟಿದ್ದವು.

ಕೆಟ್ಟದ್ದು ಮುಖ್ಯವಾಗಿ ಎರಡು ಕಡೆ. ಬಳಕೆದಾರನೊಬ್ಬ ಡೇಟಾಬೇಸಿನೊಳಗೆ ಪ್ರವೇಶಿಸಿದ ಕೂಡಲೇ ಅವನಿಗೆ ಇಂತಹ ಅಧಿಕಾರ ತಾನಾಗಿಯೇ ದೊರೆಯಲಿ ಎಂದು ನಿರ್ವಾಹಕರು ಮೊದಲೇ ಗೊತ್ತುಪಡಿಸುವ ಸೌಲಭ್ಯವೊಂದಿದೆ. ಭದ್ರತಾ ತಿದ್ದುಪಡಿಯ ನಂತರ ಆ ಸೌಲಭ್ಯ ಕೆಲಸ ಮಾಡಲಿಲ್ಲ. ಇನ್ನೊಂದು ಕಡೆ, ಸರ್ವರಿನ ಒಳಗಿನ ದತ್ತಾಂಶ ರಚನೆಯೊಂದರ ಗಾತ್ರ ತುಸು ಹಿಗ್ಗಿತು. ಹಳೆಯ ಗಾತ್ರವನ್ನೇ ನಂಬಿ ಸಿದ್ಧಗೊಂಡಿದ್ದ ಕೆಲವು ಹೆಚ್ಚುವರಿ ತಂತ್ರಾಂಶಗಳು ಇದರಿಂದ ತೊಂದರೆಗೆ ಸಿಲುಕುವಂತಾಯಿತು. ನವೆಂಬರ್ 14ರ ಕಂತಿನೊಂದಿಗೇ ಸೇವಾವಧಿ ಮುಗಿಸಬೇಕಿದ್ದ 12ನೇ ಆವೃತ್ತಿಗೂ ಮತ್ತೊಂದು ತಿದ್ದುಪಡಿ ನೀಡುವುದು ಅನಿವಾರ್ಯವಾಯಿತು.

ಬ್ಯಾಂಕಿನ ಖಾತೆ, ರೈಲಿನ ಮುಂಗಡ ಟಿಕೆಟ್, ವಿದ್ಯುತ್ ಬಿಲ್ಲು, ಜಮೀನಿನ ಪಹಣಿ ಇವೆಲ್ಲವೂ ಇಂದು ಒಂದಲ್ಲ ಒಂದು ಡೇಟಾಬೇಸಿನಲ್ಲಿ ಕುಳಿತಿವೆ. ಅಂತಹ ತಂತ್ರಾಂಶದಲ್ಲಿ ಹೊಸ ದೋಷ ಕಾಣಿಸಿಕೊಳ್ಳುವುದು ಒಂದು ಬಗೆಯ ತೊಂದರೆ. ನಿನ್ನೆಯವರೆಗೆ ಸರಿಯಿದ್ದುದು ಇಂದು ಕೆಡುವುದು ಅದಕ್ಕಿಂತ ದೊಡ್ಡ ತೊಂದರೆ. ಏಕೆಂದರೆ ಸರಿಯಿದೆ ಎಂಬ ನಂಬಿಕೆಯ ಮೇಲೆಯೇ ಉಳಿದೆಲ್ಲ ವ್ಯವಸ್ಥೆಗಳು ನಿಂತಿರುತ್ತವೆ. ಈ ಎರಡನೆಯ ಬಗೆಯ ಅಪಾಯವನ್ನು ತಡೆಯಲು ತಂತ್ರಾಂಶ ರಚನೆಕಾರರು ಕಂಡುಕೊಂಡ ಉಪಾಯವೇ ‘ರಿಗ್ರೆಶನ್ ಟೆಸ್ಟ್’.

ಹಿನ್ನಡೆಯ ಮೇಲೆ ಕಣ್ಣು

ರಿಗ್ರೆಶನ್ ಎಂದರೆ ಹಿನ್ನಡೆ. ತಂತ್ರಾಂಶದಲ್ಲಿ ಒಂದು ಬದಲಾವಣೆ ಮಾಡಿದಾಗ, ಅದರಿಂದಾಗಿ ಹಿಂದೆ ಸರಿಯಾಗಿದ್ದ ಭಾಗವೊಂದು ಕೆಟ್ಟರೆ ಅದನ್ನು ಹಿನ್ನಡೆ ಎನ್ನುತ್ತಾರೆ. ಹೊಸದಾಗಿ ಸೇರಿಸಿದ್ದು ಸರಿಯಿದೆಯೇ ಎಂದು ನೋಡುವುದು ಸುಲಭ, ರಚನೆಕಾರನ ಗಮನವೆಲ್ಲ ಅಲ್ಲಿಯೇ ಇರುತ್ತದೆ. ಹಳೆಯದು ಸರಿಯಾಗಿಯೇ ಉಳಿದಿದೆಯೇ ಎಂದು ನೋಡುವವರು ಯಾರು? ಲಕ್ಷಾಂತರ ಸಾಲುಗಳ ಪ್ರೋಗ್ರಾಂ ಒಂದರಲ್ಲಿ ಪ್ರತಿಯೊಂದು ಬದಲಾವಣೆಯ ನಂತರವೂ ಅಷ್ಟನ್ನೂ ಮನುಷ್ಯನೇ ಕುಳಿತು ಪರಿಶೀಲಿಸುವುದು ಅಸಾಧ್ಯ. ಆದ್ದರಿಂದ ಆ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಲಾಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಪೋಸ್ಟ್‌ಗ್ರೆಸ್‌ಕ್ಯೂಎಲ್. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ 1986ರಲ್ಲಿ ಆರಂಭವಾದ ‘ಪೋಸ್ಟ್‌ಗ್ರೆಸ್’ ಯೋಜನೆ ಇದರ ಮೂಲ. 1996ರಲ್ಲಿ ಈಗಿನ ಹೆಸರು ಬಂದಿತು. ಅಂದಿನಿಂದ ಜಗತ್ತಿನ ನಾನಾ ದೇಶಗಳ ಸ್ವಯಂಸೇವಕರು ಮತ್ತು ಸಂಸ್ಥೆಗಳ ಎಂಜಿನಿಯರುಗಳು ಸೇರಿ ಇದನ್ನು ಬೆಳೆಸುತ್ತಿದ್ದಾರೆ. ಇದು ಮುಕ್ತ ತಂತ್ರಾಂಶವಾದುದರಿಂದ ಇದರ ಪ್ರೋಗ್ರಾಂ ಮಾತ್ರವಲ್ಲ, ಅದನ್ನು ಪರೀಕ್ಷಿಸುವ ಸಾಮಗ್ರಿಯೂ ಎಲ್ಲರಿಗೂ ಲಭ್ಯವಿದೆ.

ಪ್ರಶ್ನೆಪತ್ರಿಕೆ ಮತ್ತು ಮಾದರಿ ಉತ್ತರ

ಪರೀಕ್ಷೆಯ ತತ್ವ ಶಾಲೆಯ ಪರೀಕ್ಷೆಯಂತೆಯೇ ಇದೆ. ಒಂದು ಕೋಶದಲ್ಲಿ ಪ್ರಶ್ನೆಗಳ ಕಡತಗಳಿರುತ್ತವೆ. ಇವು ಡೇಟಾಬೇಸಿನೊಡನೆ ವ್ಯವಹರಿಸುವ ‘ಎಸ್‌ಕ್ಯೂಎಲ್’ ಭಾಷೆಯಲ್ಲಿ ಬರೆದ ಆದೇಶಗಳು. ಕೋಷ್ಟಕವೊಂದನ್ನು ರಚಿಸು, ಅದಕ್ಕೆ ಇಂತಿಂತಹ ಸಾಲುಗಳನ್ನು ಸೇರಿಸು, ಇಂತಹವನ್ನು ಹುಡುಕಿ ಕೊಡು, ಇಷ್ಟನ್ನು ಅಳಿಸು ಎಂಬಂತಹವು. ಇನ್ನೊಂದು ಕೋಶದಲ್ಲಿ ಪ್ರತಿ ಪ್ರಶ್ನೆ ಕಡತಕ್ಕೂ ಜೋಡಿಯಾಗಿ ಮಾದರಿ ಉತ್ತರದ ಕಡತವಿರುತ್ತದೆ. ಸರ್ವರ್ ನೀಡಬೇಕಾದ ಉತ್ತರ ಅಕ್ಷರಕ್ಕೆ ಅಕ್ಷರ ಅದರಲ್ಲಿ ಬರೆದಿರುತ್ತದೆ.

ಪರೀಕ್ಷೆ ನಡೆಸುವ ಪ್ರೋಗ್ರಾಂ ಪ್ರಶ್ನೆಗಳನ್ನು ಒಂದೊಂದಾಗಿ ಸರ್ವರಿಗೆ ಕಳುಹಿಸಿ, ಬಂದ ಉತ್ತರಗಳನ್ನು ಮೂರನೆಯ ಕೋಶದಲ್ಲಿ ದಾಖಲಿಸುತ್ತದೆ. ಬಳಿಕ ಮಾದರಿ ಉತ್ತರದೊಡನೆ ತಾಳೆ ನೋಡುತ್ತದೆ. ಎರಡೂ ಒಂದೇ ಆಗಿದ್ದರೆ ತೇರ್ಗಡೆ. ಒಂದು ಅಕ್ಷರ ವ್ಯತ್ಯಾಸವಾದರೂ ಅನುತ್ತೀರ್ಣ. ವ್ಯತ್ಯಾಸವಾದ ಸಾಲುಗಳನ್ನು ಮಾತ್ರ ಹೆಕ್ಕಿ ಬೇರೊಂದು ಕಡತದಲ್ಲಿ ತೋರಿಸಲಾಗುತ್ತದೆ. ಪರೀಕ್ಷಿಸುವವರು ಮೊದಲು ತೆರೆದು ಓದುವುದು ಈ ವ್ಯತ್ಯಾಸದ ಕಡತವನ್ನೇ.

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಮೂಲ ಪರೀಕ್ಷಾ ಸಂಚಯದಲ್ಲಿ ಇಂತಹ ಇನ್ನೂರಕ್ಕೂ ಹೆಚ್ಚು ಪ್ರಶ್ನೆ ಕಡತಗಳಿವೆ. ಒಂದೊಂದರಲ್ಲಿಯೂ ಹತ್ತಾರು, ಕೆಲವೊಮ್ಮೆ ನೂರಾರು ಆದೇಶಗಳು. ಸಂಖ್ಯೆಗಳ ಕೂಡುಕಳೆ, ದಿನಾಂಕಗಳ ಲೆಕ್ಕ, ಪಠ್ಯದ ಹೋಲಿಕೆ, ಬಳಕೆದಾರರ ಅಧಿಕಾರ, ದೋಷಸಂದೇಶಗಳು ಹೀಗೆ ಪ್ರತಿ ವಿಷಯಕ್ಕೂ ಬೇರೆ ಬೇರೆ ಕಡತ.

ನಡೆಸುವುದು ಹೇಗೆ?

ತಂತ್ರಾಂಶದ ಮೂಲ ಪ್ರೋಗ್ರಾಮನ್ನು ತಂದು ಕಂಪ್ಯೂಟರಿನಲ್ಲಿ ಸಿದ್ಧಗೊಳಿಸಿದ ಮೇಲೆ ‘ಮೇಕ್ ಚೆಕ್’ ಎಂಬ ಎರಡು ಪದಗಳ ಆದೇಶ ನೀಡಿದರೆ ಸಾಕು. 16ನೇ ಆವೃತ್ತಿಯಿಂದೀಚೆಗೆ ‘ಮೆಸನ್’ ಎಂಬ ಹೊಸ ಸಾಧನದ ಮೂಲಕವೂ ಇದನ್ನು ನಡೆಸಬಹುದು. ಆಗ ತಾತ್ಕಾಲಿಕ ಸರ್ವರೊಂದು ತಾನಾಗಿ ಹುಟ್ಟಿಕೊಂಡು, ಪರೀಕ್ಷೆಗಳೆಲ್ಲ ಮುಗಿದ ಮೇಲೆ ನಿಂತುಹೋಗುತ್ತದೆ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಇದು ಕೆಲವೇ ನಿಮಿಷಗಳ ಕೆಲಸ. ಸಮಯ ಉಳಿಸಲು ಒಂದಕ್ಕೊಂದು ಸಂಬಂಧವಿಲ್ಲದ ಪರೀಕ್ಷೆಗಳನ್ನು ಗುಂಪುಗೂಡಿಸಿ ಏಕಕಾಲಕ್ಕೆ ನಡೆಸಲಾಗುತ್ತದೆ. ಒಂದು ಗುಂಪಿನಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಪರೀಕ್ಷೆಗಳಿರಬಾರದು ಎಂಬ ವಾಡಿಕೆಯಿದೆ.

ಆಗಲೇ ಓಡುತ್ತಿರುವ ಸರ್ವರಿನ ಮೇಲೆ ಪರೀಕ್ಷೆ ನಡೆಸಬೇಕಾದರೆ ‘ಮೇಕ್ ಇನ್‌ಸ್ಟಾಲ್‌ಚೆಕ್’ ಎಂಬ ಬೇರೆ ಆದೇಶವಿದೆ. ಇಲ್ಲಿ ಎಚ್ಚರ ಅಗತ್ಯ. ಪರೀಕ್ಷೆಗಾಗಿ ಕಾಲ್ಪನಿಕ ಬಳಕೆದಾರರನ್ನು ಸೃಷ್ಟಿಸಿ ಅಳಿಸಬೇಕಾಗುತ್ತದೆ. ಅದೇ ಹೆಸರಿನ ನಿಜವಾದ ಬಳಕೆದಾರನಿದ್ದರೆ ಗತಿಯೇನು? ಇದಕ್ಕಾಗಿಯೇ ಪರೀಕ್ಷೆಯಲ್ಲಿ ಬರುವ ಎಲ್ಲ ಬಳಕೆದಾರರ ಹೆಸರೂ ‘ರಿಗ್ರೆಸ್’ ಎಂಬ ಪದದಿಂದಲೇ ಆರಂಭವಾಗಬೇಕು ಎಂಬ ನಿಯಮ ಮಾಡಿಕೊಂಡಿದ್ದಾರೆ.

ಸುಳ್ಳು ಎಚ್ಚರಿಕೆಗಳ ಕಾಟ

ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಕ್ರಮದಲ್ಲಿ ಒಂದು ತೊಡಕಿದೆ. ಉತ್ತರ ಸರಿಯಿದ್ದರೂ ರೂಪ ಬೇರೆಯಾಗಿರಬಹುದು. ಉದಾಹರಣೆಗೆ ‘ಎಲ್ಲ ಊರುಗಳ ಹೆಸರು ಕೊಡು’ ಎಂದು ಕೇಳಿದರೆ ಸರ್ವರ್ ಯಾವ ಕ್ರಮದಲ್ಲಿ ಬೇಕಾದರೂ ಕೊಡಬಹುದು. ನಿನ್ನೆ ಮೈಸೂರು ಮೊದಲು ಬಂದಿತ್ತು, ಇಂದು ಹಾಸನ ಮೊದಲು ಬಂದಿತು ಎಂದರೆ ಅದು ದೋಷವಲ್ಲ. ಕ್ರಮ ಮುಖ್ಯವಾದರೆ ಪ್ರಶ್ನೆಯಲ್ಲಿಯೇ ‘ಹೆಸರಿನ ಅನುಕ್ರಮದಲ್ಲಿ’ ಎಂದು ಸೇರಿಸಬೇಕು.

ಹಾಗೆ ಸೇರಿಸಿದರೂ ಅನುಕ್ರಮ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಅಕ್ಷರಗಳ ಸಂಕೇತಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ಇಂಗ್ಲಿಷಿನ ದೊಡ್ಡ ಅಕ್ಷರಗಳೆಲ್ಲ ಮೊದಲು, ಚಿಕ್ಕ ಅಕ್ಷರಗಳೆಲ್ಲ ನಂತರ ಬರುತ್ತವೆ. ನಿಘಂಟಿನ ಕ್ರಮದಲ್ಲಿ ಹಾಗಾಗದು. ಕಂಪ್ಯೂಟರಿನಲ್ಲಿ ಯಾವ ದೇಶದ, ಯಾವ ಭಾಷೆಯ ಕ್ರಮ ಆಯ್ಕೆಯಾಗಿದೆ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಇದು ಕೇವಲ ಪರೀಕ್ಷೆಯ ಸಮಸ್ಯೆಯಾಗಿ ಉಳಿಯಲಿಲ್ಲ. 2018ರಲ್ಲಿ ಲಿನಕ್ಸ್ ವ್ಯವಸ್ಥೆಯ ಮೂಲ ಗ್ರಂಥಾಲಯವಾದ ‘ಜಿಲಿಬ್‌ಸಿ’ 2.28ನೇ ಆವೃತ್ತಿಗೆ ಬಂದಾಗ ಅದರ ಅಕ್ಷರಾನುಕ್ರಮವೇ ಬದಲಾಯಿತು. ಹಳೆಯ ಕ್ರಮದಲ್ಲಿ ಜೋಡಿಸಿಟ್ಟ ಸೂಚಿಗಳಲ್ಲಿ ಹೊಸ ಕ್ರಮದ ಪ್ರಕಾರ ಹುಡುಕಿದರೆ ಇದ್ದ ಹೆಸರೂ ಸಿಗದೇ ಹೋಗುವ ಪರಿಸ್ಥಿತಿ ಉಂಟಾಗಿ, ಅನೇಕ ನಿರ್ವಾಹಕರು ಸೂಚಿಗಳನ್ನು ಮತ್ತೆ ಕಟ್ಟಬೇಕಾಯಿತು. ಡೇಟಾಬೇಸಿನ ಒಂದು ಸಾಲನ್ನೂ ಯಾರೂ ಮುಟ್ಟಿರಲಿಲ್ಲ. ಅದು ನಿಂತಿದ್ದ ನೆಲವೇ ಕದಲಿತ್ತು.

ಕಾಲದ ವಿಷಯವೂ ಹೀಗೆಯೇ. ‘ಈಗ ಎಷ್ಟು ಗಂಟೆ’ ಎಂಬ ಪ್ರಶ್ನೆಗೆ ಮಾದರಿ ಉತ್ತರ ಬರೆದಿಡಲಾಗದು. ನಿಗದಿತ ದಿನಾಂಕವೇ ಆದರೂ ಊರಿನಿಂದ ಊರಿಗೆ ವೇಳೆ ಬೇರೆ. ಹಾಗಾಗಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಪರೀಕ್ಷೆಗಳು ಎಲ್ಲಿಯೇ ನಡೆಯಲಿ, ಅಮೆರಿಕದ ಪಶ್ಚಿಮ ಕರಾವಳಿಯ ವೇಳೆಯನ್ನೇ ಅನುಸರಿಸುತ್ತವೆ. ಬೆಂಗಳೂರಿನ ಎಂಜಿನಿಯರ್ ತನ್ನ ಮೇಜಿನ ಮೇಲೆ ಪರೀಕ್ಷೆ ನಡೆಸಿದರೂ ಅಷ್ಟು ಹೊತ್ತು ಪರೀಕ್ಷೆಯ ಗಡಿಯಾರ ಕ್ಯಾಲಿಫೋರ್ನಿಯಾದ್ದು. ತಂತ್ರಾಂಶ ಹುಟ್ಟಿದ ಊರಿನ ಗುರುತು ಹೀಗೆ ಉಳಿದುಕೊಂಡಿದೆ. ದಶಮಾಂಶ ಸಂಖ್ಯೆಗಳ ಕೊನೆಯ ಅಂಕಿ ಪ್ರೊಸೆಸರಿನಿಂದ ಪ್ರೊಸೆಸರಿಗೆ ಬದಲಾಗುವುದೂ ಉಂಟು. ಇಂತಹ ಕಡೆ ಒಂದೇ ಪ್ರಶ್ನೆಗೆ ಎರಡು ಮೂರು ಮಾದರಿ ಉತ್ತರಗಳನ್ನು ಇಟ್ಟು, ಯಾವುದಾದರೊಂದಕ್ಕೆ ಹೊಂದಿದರೂ ಸಾಕು ಎಂದು ಒಪ್ಪಿಕೊಳ್ಳಲಾಗುತ್ತದೆ.

ಸುಳ್ಳು ಎಚ್ಚರಿಕೆ ಏಕೆ ಅಪಾಯಕರ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕಾರಣವಿಲ್ಲದೆ ದಿನವೂ ಬಡಿದುಕೊಳ್ಳುವ ಗಂಟೆಗೆ ಯಾರೂ ಕಿವಿಗೊಡುವುದಿಲ್ಲ. ‘ಅದು ಆಗಾಗ ಹಾಗೆಯೇ’ ಎಂದು ಎಂಜಿನಿಯರ್ ಒಮ್ಮೆ ಅಂದುಕೊಂಡರೆ, ನಿಜವಾದ ದೋಷ ಬಂದ ದಿನವೂ ಅದನ್ನೇ ಅಂದುಕೊಳ್ಳುತ್ತಾನೆ.

ಒಳ್ಳೆಯ ಪರೀಕ್ಷೆ ಬರೆಯುವುದು

ಪರೀಕ್ಷೆ ಬರೆಯುವುದಕ್ಕೆ ವಿಶೇಷ ಭಾಷೆ ಕಲಿಯಬೇಕಿಲ್ಲ, ಎಸ್‌ಕ್ಯೂಎಲ್ ಬಂದರೆ ಸಾಕು. ಉಳಿತಾಯ ಖಾತೆಗಳ ಒಂದು ಕೋಷ್ಟಕವಿದೆ, ಅದರಲ್ಲಿ ಶಿಲ್ಕು ಸೊನ್ನೆಗಿಂತ ಕಡಿಮೆಯಾಗಬಾರದು ಎಂಬ ನಿಬಂಧನೆಯಿದೆ ಎಂದು ಭಾವಿಸೋಣ. ಸಾವಿರ ರೂಪಾಯಿಯ ಖಾತೆ ತೆರೆಯುವುದು, ಇನ್ನೂರು ತೆಗೆಯುವುದು, ಎಂಟುನೂರು ಉಳಿದಿದೆಯೇ ಎಂದು ಕೇಳುವುದು ಇಷ್ಟನ್ನು ಯಾರಾದರೂ ಬರೆಯುತ್ತಾರೆ. ಅನುಭವಿಗಳು ಅಲ್ಲಿಗೆ ನಿಲ್ಲುವುದಿಲ್ಲ. ಎಂಟುನೂರು ಇರುವ ಖಾತೆಯಿಂದ ಒಂಬೈನೂರು ತೆಗೆಯುವ ಆದೇಶವನ್ನೂ ಬರೆಯುತ್ತಾರೆ. ಸರ್ವರ್ ಅದನ್ನು ನಿರಾಕರಿಸಬೇಕು. ಆ ನಿರಾಕರಣೆಯ ಸಂದೇಶವೇ ಇಲ್ಲಿ ಮಾದರಿ ಉತ್ತರ. ಸರಿಯಾಗಿ ಎಂಟುನೂರು ತೆಗೆದು ಶಿಲ್ಕು ಸೊನ್ನೆಯಾದಾಗ ಏನಾಗುತ್ತದೆ, ಮೊತ್ತದ ಜಾಗ ಖಾಲಿ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಕೇಳುತ್ತಾರೆ. ದೋಷಗಳು ಹೆಚ್ಚಾಗಿ ಅಡಗಿರುವುದು ಇಂತಹ ಅಂಚುಗಳಲ್ಲಿ.

ಇನ್ನು ಮಾದರಿ ಉತ್ತರ ಸಿದ್ಧಪಡಿಸುವ ಹಂತ. ಉದ್ದುದ್ದನೆಯ ಉತ್ತರಗಳನ್ನು ಕೈಯಿಂದ ಬರೆಯುವುದು ಕಷ್ಟ. ಆದ್ದರಿಂದ ಪರೀಕ್ಷೆಯನ್ನು ಒಮ್ಮೆ ನಡೆಸಿ, ಸರ್ವರ್ ಕೊಟ್ಟ ಉತ್ತರವನ್ನೇ ಮಾದರಿ ಉತ್ತರವಾಗಿ ನಕಲಿಸಿಕೊಳ್ಳುವುದು ರೂಢಿ. ಮತ್ತೊಂದು ಜನಪ್ರಿಯ ಡೇಟಾಬೇಸ್ ಆದ ‘ಮೈಎಸ್‌ಕ್ಯೂಎಲ್’ನ ಪರೀಕ್ಷಾ ಸಾಧನದಲ್ಲಿ ಇದಕ್ಕೆಂದೇ ‘ರೆಕಾರ್ಡ್’ ಎಂಬ ಆಯ್ಕೆಯಿದೆ. ಈ ಇಡೀ ವ್ಯವಸ್ಥೆಯ ಅತ್ಯಂತ ದುರ್ಬಲ ಕೊಂಡಿ ಇದೇ. ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನೇ ಮಾದರಿ ಉತ್ತರವಾಗಿ ಸ್ವೀಕರಿಸಿದಂತೆ ಇದು. ಆ ಉತ್ತರವನ್ನು ಮನುಷ್ಯನೊಬ್ಬ ಸಾಲು ಸಾಲಾಗಿ ಓದಿ, ಇದು ಸರಿಯೇ ಎಂದು ತಾನೇ ಲೆಕ್ಕ ಹಾಕಿ ಒಪ್ಪದಿದ್ದರೆ, ತಪ್ಪು ಉತ್ತರವೇ ಶಾಶ್ವತವಾಗಿ ಸರಿ ಎಂದು ದಾಖಲಾಗಿಬಿಡುತ್ತದೆ. ಮುಂದೊಂದು ದಿನ ಯಾರಾದರೂ ಆ ತಪ್ಪನ್ನು ತಿದ್ದಿದರೆ, ತಿದ್ದಿದ್ದೇ ದೋಷವೆಂದು ಯಂತ್ರ ಕೂಗುತ್ತದೆ. ಯಂತ್ರ ಬಲ್ಲದ್ದು ‘ಬದಲಾಗಿದೆ’ ಎಂಬುದನ್ನು ಮಾತ್ರ. ‘ತಪ್ಪಾಗಿದೆ’ ಎಂದು ತೀರ್ಮಾನಿಸಬೇಕಾದವನು ಮನುಷ್ಯ.

ಹಳೆಯ ದೋಷವೊಂದನ್ನು ಸರಿಪಡಿಸಿದಾಗ ಬರೆಯುವ ಪರೀಕ್ಷೆಗೆ ಇನ್ನೊಂದು ನಿಯಮವಿದೆ. ತಿದ್ದುಪಡಿಗೆ ಮುನ್ನ ಆ ಪರೀಕ್ಷೆ ಅನುತ್ತೀರ್ಣವಾಗಬೇಕು, ತಿದ್ದುಪಡಿಯ ನಂತರ ತೇರ್ಗಡೆಯಾಗಬೇಕು. ಎರಡು ಸ್ಥಿತಿಯಲ್ಲಿಯೂ ತೇರ್ಗಡೆಯಾಗುವ ಪರೀಕ್ಷೆ ಆ ದೋಷವನ್ನು ಹಿಡಿಯುತ್ತಲೇ ಇಲ್ಲ ಎಂದರ್ಥ. 2024ರ ನವೆಂಬರ್ 21ರ ತುರ್ತು ತಿದ್ದುಪಡಿಯ ವೇಳೆ, ಕೆಟ್ಟಿದ್ದ ಅಧಿಕಾರ ಸೌಲಭ್ಯಕ್ಕೂ ಹೊಸ ಪರೀಕ್ಷೆ ಸೇರಿಸಲಾಯಿತು.

ಇಬ್ಬರು ಒಟ್ಟಿಗೆ ಬಂದಾಗ

ಒಬ್ಬನೇ ಪ್ರಶ್ನಿಸಿ ಒಬ್ಬನೇ ಉತ್ತರ ಪಡೆಯುವ ಪರೀಕ್ಷೆ ಡೇಟಾಬೇಸಿನ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ನಿಜ ಜೀವನದಲ್ಲಿ ಸಾವಿರಾರು ಜನ ಏಕಕಾಲಕ್ಕೆ ಒಂದೇ ಸರ್ವರಿನ ಬಾಗಿಲು ತಟ್ಟುತ್ತಾರೆ.

ಗಂಡ ಹೆಂಡತಿಯ ಜಂಟಿ ಖಾತೆಯಲ್ಲಿ ಸಾವಿರ ರೂಪಾಯಿ ಇದೆ. ಇಬ್ಬರೂ ಬೇರೆ ಬೇರೆ ಎಟಿಎಂಗಳಲ್ಲಿ ಒಂದೇ ಕ್ಷಣ ಏಳುನೂರು ತೆಗೆಯಲು ಮುಂದಾಗುತ್ತಾರೆ. ಇಬ್ಬರ ಯಂತ್ರವೂ ಶಿಲ್ಕನ್ನು ಓದಿದಾಗ ಸಾವಿರ ಎಂದೇ ಕಾಣುತ್ತದೆ. ಇಬ್ಬರಿಗೂ ಏಳುನೂರು ದೊರೆತು, ಇಬ್ಬರ ಕಡೆಯಿಂದಲೂ ‘ಉಳಿದದ್ದು ಮುನ್ನೂರು’ ಎಂದು ದಾಖಲಾದರೆ ಬ್ಯಾಂಕಿನ ಏಳುನೂರು ರೂಪಾಯಿ ಮಾಯ! ಡೇಟಾಬೇಸಿಗೆ ಸೂಕ್ತ ಕಟ್ಟುಪಾಡು ವಿಧಿಸಿದ್ದರೆ ಎರಡನೆಯವರ ದಾಖಲೆ ಮೊದಲನೆಯದು ಮುಗಿಯುವವರೆಗೆ ಕಾಯುತ್ತದೆ, ಬಳಿಕ ದೋಷಸಂದೇಶದೊಡನೆ ನಿಲ್ಲುತ್ತದೆ.

ಇದನ್ನು ಪರೀಕ್ಷಿಸಲು ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ‘ಐಸೊಲೇಶನ್ ಟೆಸ್ಟ್’ ಎಂಬ ಪ್ರತ್ಯೇಕ ವಿಭಾಗವಿದೆ. ಪರೀಕ್ಷೆ ಬರೆಯುವವರು ಇಬ್ಬರು ಅಥವಾ ಹೆಚ್ಚು ಬಳಕೆದಾರರ ಹೆಜ್ಜೆಗಳನ್ನು ಬೇರೆ ಬೇರೆಯಾಗಿ ಪಟ್ಟಿ ಮಾಡುತ್ತಾರೆ. ಓದುವುದು, ಬರೆಯುವುದು, ಖಾಯಂ ಮಾಡುವುದು ಎಂದು ಒಬ್ಬೊಬ್ಬರಿಗೆ ಮೂರು ಹೆಜ್ಜೆಗಳಿದ್ದರೆ, ಇಬ್ಬರ ಹೆಜ್ಜೆಗಳು ಒಂದರೊಳಗೊಂದು ಬೆರೆಯಲು 20 ದಾರಿಗಳಿವೆ. ನಿರ್ದಿಷ್ಟ ಕ್ರಮ ಹೇಳದಿದ್ದರೆ ಪರೀಕ್ಷಾ ಸಾಧನ ಸಾಧ್ಯವಿರುವ ಎಲ್ಲ ಕ್ರಮಗಳನ್ನೂ ಒಂದೊಂದಾಗಿ ನಡೆಸಿ ನೋಡುತ್ತದೆ. ಯಾವ ಹೆಜ್ಜೆ ಕಾಯುತ್ತ ನಿಂತಿತು ಎಂಬುದೂ ಮಾದರಿ ಉತ್ತರದ ಭಾಗವೇ.

ವಿದ್ಯುತ್ ಹೋಗಿ ಸರ್ವರ್ ನಡುವೆಯೇ ನಿಂತರೆ, ಮುಖ್ಯ ಸರ್ವರಿನ ನಕಲು ಬೇರೆ ಕಡೆ ಸರಿಯಾಗಿ ಸಿದ್ಧವಾಗುತ್ತಿದೆಯೇ ಎಂಬಂತಹ ಪ್ರಶ್ನೆಗಳಿಗೆ ‘ಪರ್ಲ್’ ಭಾಷೆಯಲ್ಲಿ ಬರೆದ ಮತ್ತೊಂದು ಸಾಲು ಪರೀಕ್ಷೆಗಳಿವೆ. ಅವುಗಳಲ್ಲಿ ಒಂದು, ಮೂಲ ಪರೀಕ್ಷಾ ಸಂಚಯವನ್ನು ಪೂರ್ತಿಯಾಗಿ ಮುಖ್ಯ ಸರ್ವರಿನ ಮೇಲೆ ನಡೆಸಿ, ನಕಲು ಸರ್ವರಿನಲ್ಲಿ ಮೂಡಿದ್ದು ಅದಕ್ಕೆ ಹೊಂದುತ್ತದೆಯೇ ಎಂದು ತಾಳೆ ನೋಡುತ್ತದೆ.

ಪ್ರಾಣಿಗಳ ಹೆಸರಿನ ಕಾವಲುಗಾರರು

ತನ್ನ ಕಂಪ್ಯೂಟರಿನಲ್ಲಿ ತೇರ್ಗಡೆಯಾಯಿತು ಎಂದರೆ ಎಲ್ಲ ಕಡೆ ಆಯಿತು ಎಂದಲ್ಲ. ಲಿನಕ್ಸ್, ವಿಂಡೋಸ್, ಮ್ಯಾಕ್ ಎಂಬ ಭೇದ ಒಂದು ಕಡೆಯಾದರೆ ಪ್ರೊಸೆಸರುಗಳ ಭೇದ ಇನ್ನೊಂದು ಕಡೆ. ಇದಕ್ಕೆ ಪರಿಹಾರವಾಗಿ ಆಂಡ್ರ್ಯೂ ಡನ್‌ಸ್ಟನ್ ಅವರು 2004ರಲ್ಲಿ ‘ಬಿಲ್ಡ್ ಫಾರ್ಮ್’ ಎಂಬ ವ್ಯವಸ್ಥೆ ಆರಂಭಿಸಿದರು. ಆಸಕ್ತರು ತಮ್ಮ ಬಳಿಯಿರುವ ಯಂತ್ರವನ್ನು ಇದಕ್ಕೆ ಸೇರಿಸಬಹುದು. ಪ್ರೋಗ್ರಾಮಿನಲ್ಲಿ ಬದಲಾವಣೆಯಾದಾಗ ಈ ಯಂತ್ರಗಳು ತಾವಾಗಿಯೇ ಅದನ್ನು ತರಿಸಿಕೊಂಡು, ಪರೀಕ್ಷೆಗಳನ್ನು ನಡೆಸಿ, ಫಲಿತಾಂಶವನ್ನು ಸಾರ್ವಜನಿಕ ಫಲಕದಲ್ಲಿ ಪ್ರಕಟಿಸುತ್ತವೆ. ಹೊಲವೆಂದ ಮೇಲೆ ಜೀವಿಗಳಿರಬೇಕಲ್ಲ. ಪ್ರತಿ ಯಂತ್ರಕ್ಕೂ ಒಂದೊಂದು ಪ್ರಾಣಿಯ ಹೆಸರಿಡಲಾಗಿದೆ. ಬದಲಾವಣೆ ಮಾಡಿದ ಎಂಜಿನಿಯರ್ ಕೆಲ ಗಂಟೆಗಳವರೆಗೆ ಈ ಫಲಕದ ಮೇಲೆ ಕಣ್ಣಿಟ್ಟಿರಬೇಕೆಂಬುದು ಅಲಿಖಿತ ಶಿಸ್ತು.

ಪರೀಕ್ಷೆಯೂ ಒಂದು ಆಸ್ತಿ

ಪರೀಕ್ಷೆಗೆ ಅತಿ ಹೆಚ್ಚು ಶ್ರಮ ಸುರಿದ ಡೇಟಾಬೇಸ್ ಎಂದರೆ ರಿಚರ್ಡ್ ಹಿಪ್ ರೂಪಿಸಿದ ‘ಎಸ್‌ಕ್ಯೂಲೈಟ್’. ಆಂಡ್ರಾಯ್ಡ್ ಮತ್ತು ಐಫೋನ್ ಮೊಬೈಲುಗಳಲ್ಲೆಲ್ಲ ಇರುವ ಪುಟ್ಟ ಡೇಟಾಬೇಸ್ ಇದು. 2023ರ ಮೇ ತಿಂಗಳಲ್ಲಿ ಬಂದ 3.42ನೇ ಆವೃತ್ತಿಯ ಲೆಕ್ಕದ ಪ್ರಕಾರ, ಮೂಲ ಪ್ರೋಗ್ರಾಂ ಸುಮಾರು 1 ಲಕ್ಷ 56 ಸಾವಿರ ಸಾಲುಗಳಷ್ಟಿದ್ದರೆ ಪರೀಕ್ಷೆಯ ಸಾಮಗ್ರಿ ಅದರ 590 ಪಟ್ಟು, ಅಂದರೆ 9 ಕೋಟಿ ಸಾಲುಗಳಿಗೂ ಮಿಗಿಲು. ವರದಿಯಾದ ದೋಷವನ್ನು ತೋರಿಸಿಕೊಡುವ ಪರೀಕ್ಷೆ ಸೇರಿಸುವವರೆಗೆ ಆ ದೋಷ ಸರಿಹೋಯಿತೆಂದು ಅಲ್ಲಿ ಪರಿಗಣಿಸುವುದಿಲ್ಲ. ಆದರೆ ಅವರ ಪರೀಕ್ಷಾ ಸಂಚಯಗಳಲ್ಲಿ ಮುಖ್ಯವಾದ ‘ಟಿಎಚ್3’ ಮುಕ್ತವಲ್ಲ. ಪ್ರೋಗ್ರಾಂ ಎಲ್ಲರಿಗೂ ಉಚಿತ, ಈ ಪರೀಕ್ಷೆ ಮಾತ್ರ ಖಾಸಗಿ ಸೊತ್ತು.

ಇದೇ ವಿಚಾರ 2012ರಲ್ಲಿ ಮೈಎಸ್‌ಕ್ಯೂಎಲ್ ವಲಯದಲ್ಲಿ ಅಸಮಾಧಾನಕ್ಕೆ ಕಾರಣವಾಗಿತ್ತು. ಒರಾಕಲ್ ಒಡೆತನಕ್ಕೆ ಸೇರಿದ್ದ ಈ ತಂತ್ರಾಂಶದ 5.5.27ನೇ ಆವೃತ್ತಿ ಬಂದಾಗ, ದೋಷಗಳನ್ನು ಸರಿಪಡಿಸಿದ್ದರೂ ಅವುಗಳ ಹೊಸ ಪರೀಕ್ಷೆಗಳನ್ನು ಬಹಿರಂಗಪಡಿಸುತ್ತಿಲ್ಲ ಎಂದು ಅದರ ಕವಲಾದ ‘ಮರಿಯಾಡಿಬಿ’ಯ ರಚನೆಕಾರರು ಆಕ್ಷೇಪಿಸಿದರು. ಪರೀಕ್ಷೆಯಿಲ್ಲದ ತಿದ್ದುಪಡಿಯನ್ನು ಹೊರಗಿನವರು ಪರಿಶೀಲಿಸುವುದು ಹೇಗೆ, ಅದು ಮತ್ತೆ ಕೆಟ್ಟರೆ ತಿಳಿಯುವುದು ಹೇಗೆ ಎಂಬುದು ಇಲ್ಲಿನ ಪ್ರಶ್ನೆ. ಭದ್ರತಾ ಲೋಪದ ಪರೀಕ್ಷೆಯನ್ನು ಪ್ರಕಟಿಸಿದರೆ ಆ ಲೋಪವನ್ನು ಬಳಸಿಕೊಳ್ಳುವ ವಿಧಾನವನ್ನೇ ಕಿಡಿಗೇಡಿಗಳಿಗೆ ಕೊಟ್ಟಂತಾಗಬಹುದು ಎಂಬ ಇನ್ನೊಂದು ಮುಖವೂ ಇದಕ್ಕಿದೆ.

ಪರೀಕ್ಷೆಯ ಕಣ್ಣು ತಪ್ಪಿಸಿದ್ದು

ಇಷ್ಟೆಲ್ಲ ಕಾವಲಿದ್ದೂ ದೋಷ ನುಸುಳುವುದೇಕೆ? 2024ರ ಪ್ರಕರಣದಲ್ಲಿ ಉತ್ತರ ಸ್ಪಷ್ಟ. ಪರೀಕ್ಷೆಯ ಸಮಯದಲ್ಲಿ ಸರ್ವರ್ ಮತ್ತು ಅದರ ಭಾಗಗಳೆಲ್ಲ ಒಂದೇ ಮೂಲದಿಂದ ಒಟ್ಟಿಗೆ ಸಿದ್ಧವಾಗುತ್ತವೆ, ಅವುಗಳ ಅಳತೆಗಳು ಪರಸ್ಪರ ಹೊಂದುತ್ತವೆ. ಹಿಂದಿನ ತಿಂಗಳು ಸಿದ್ಧಗೊಂಡ ಹೆಚ್ಚುವರಿ ತಂತ್ರಾಂಶ ಇಂದಿನ ಸರ್ವರಿನೊಳಗೆ ಕೂರುವುದು ಬಳಕೆದಾರರ ಕಂಪ್ಯೂಟರಿನಲ್ಲಿ. ಅಧಿಕಾರ ಸೌಲಭ್ಯಕ್ಕೂ ಅದುವರೆಗೆ ಅಂತಹ ಪ್ರಶ್ನೆಯನ್ನು ಯಾರೂ ಬರೆದಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ತಪ್ಪಾಗಿದ್ದರೆ ಯಂತ್ರಕ್ಕೆ ತಿಳಿಯುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು 14ನೇ ಆವೃತ್ತಿಯ ಪ್ರಕರಣ. ಪುಸ್ತಕದ ಕೊನೆಯ ಪದಸೂಚಿಯಂತೆ ಡೇಟಾಬೇಸಿನಲ್ಲಿಯೂ ಬೇಗ ಹುಡುಕಲು ‘ಇಂಡೆಕ್ಸ್’ ಎಂಬ ಸೂಚಿ ಕಟ್ಟುತ್ತಾರೆ. ಕೆಲಸ ನಿಲ್ಲಿಸದೆ, ಜನ ಬಳಸುತ್ತಿರುವಾಗಲೇ ಸೂಚಿ ಕಟ್ಟುವ ಸೌಲಭ್ಯವೂ ಇದೆ. ಹಳೆಯದಾಗಿ ಬೇಡವಾದ ಸಾಲುಗಳನ್ನು ಸರ್ವರ್ ಆಗಾಗ ಗುಡಿಸಿ ತೆಗೆಯುತ್ತದೆ. 2021ರ ಸೆಪ್ಟೆಂಬರಿನಲ್ಲಿ ಬಂದ 14ನೇ ಆವೃತ್ತಿಯಲ್ಲಿ, ಈ ಗುಡಿಸುವ ಕೆಲಸ ಚುರುಕಾಗಲೆಂದು, ಸೂಚಿ ಕಟ್ಟುತ್ತಿರುವವರ ಅಗತ್ಯವನ್ನು ಲೆಕ್ಕಿಸಬೇಕಿಲ್ಲ ಎಂದು ಬದಲಾವಣೆ ಮಾಡಲಾಗಿತ್ತು. ಪರಿಣಾಮವಾಗಿ, ಸೂಚಿ ಕಟ್ಟುವಾಗ ಬೇಕಿದ್ದ ಸಾಲುಗಳು ಕೆಲವೊಮ್ಮೆ ನಡುವೆಯೇ ಮಾಯವಾಗಿ ಸೂಚಿ ಅಪೂರ್ಣವಾಗುತ್ತಿತ್ತು. ಕೋಷ್ಟಕದಲ್ಲಿ ಖಾತೆ ಇದೆ, ಸೂಚಿಯ ಮೂಲಕ ಹುಡುಕಿದರೆ ‘ಇಲ್ಲ’ ಎಂಬ ಉತ್ತರ. ದೋಷಸಂದೇಶವೂ ಇಲ್ಲ.

ಸೂಚಿ ಕಟ್ಟುವುದು, ಅದೇ ಕ್ಷಣ ಸಾಲು ಬದಲಾಗುವುದು, ಅದೇ ಹೊತ್ತಿಗೆ ಗುಡಿಸುವುದು ಈ ಮೂರೂ ಒಂದಾದಾಗ ಮಾತ್ರ ಕಾಣುವ ದೋಷವಾದ್ದರಿಂದ ದಿನನಿತ್ಯದ ಪರೀಕ್ಷೆಗಳು ಹಸಿರು ನಿಶಾನೆಯನ್ನೇ ತೋರುತ್ತಿದ್ದವು. ಬಳಕೆದಾರರ ದೂರಿನಿಂದ ವಿಷಯ ಬೆಳಕಿಗೆ ಬಂದು, 2022ರ ಜೂನ್ 16ರಂದು 14.4ನೇ ತಿದ್ದುಪಡಿ ಬಿಡುಗಡೆಯಾಯಿತು. ಚುರುಕುಗೊಳಿಸುವ ಬದಲಾವಣೆಯನ್ನೇ ಹಿಂತೆಗೆದುಕೊಳ್ಳಲಾಯಿತು. ಆದರೆ ಆಗಲೇ ಅಪೂರ್ಣವಾಗಿದ್ದ ಸೂಚಿಗಳು ತಾವಾಗಿ ಸರಿಹೋಗುವುದಿಲ್ಲವಾದ್ದರಿಂದ ಈ ವಿಧಾನದಲ್ಲಿ ಕಟ್ಟಿದ ಸೂಚಿಗಳನ್ನು ಮತ್ತೆ ಕಟ್ಟುವಂತೆ ಸೂಚಿಸಲಾಯಿತು.

ಬಳಸುವವರು ಏನು ಮಾಡಬೇಕು?

ಈ ಘಟನೆಗಳಿಂದ ಹೆದರಿ ತಿದ್ದುಪಡಿಗಳನ್ನೇ ಹಾಕಿಕೊಳ್ಳದೆ ಕೂರುವುದು ವಿವೇಕವಲ್ಲ. ಭದ್ರತಾ ಲೋಪ ತೆರೆದೇ ಉಳಿಯುವುದು ಹೆಚ್ಚು ಅಪಾಯಕರ. ಹಾಗೆಂದು ‘ಪರೀಕ್ಷೆಗಳೆಲ್ಲ ತೇರ್ಗಡೆ’ ಎಂಬ ಸಾಲನ್ನು ಓದಿ ನೇರವಾಗಿ ಮುಖ್ಯ ಸರ್ವರಿಗೆ ಕೈಹಾಕುವುದೂ ಸಲ್ಲದು. ರಚನೆಕಾರರ ಪರೀಕ್ಷೆಗಳು ತಮಗೆ ತಿಳಿದ ಪ್ರಶ್ನೆಗಳನ್ನು ಕೇಳುತ್ತವೆ. ಒಂದು ಸಹಕಾರ ಸಂಘದ, ಆಸ್ಪತ್ರೆಯ ಅಥವಾ ಕಚೇರಿಯ ದಿನನಿತ್ಯದ ಪ್ರಶ್ನೆಗಳು ಯಾವುವು ಎಂಬುದು ಅಲ್ಲಿನವರಿಗೆ ಮಾತ್ರ ಗೊತ್ತು.

ಅದಕ್ಕೆ ಇದೇ ವಿಧಾನವನ್ನು ಚಿಕ್ಕ ಪ್ರಮಾಣದಲ್ಲಿ ಅನುಸರಿಸಬಹುದು. ತಿಂಗಳ ಕೊನೆಯ ಒಟ್ಟು ಶಿಲ್ಕು, ಒಬ್ಬ ಸದಸ್ಯನ ಪೂರ್ತಿ ಲೆಕ್ಕ, ಯಾರಿಗೆ ಯಾವ ಕೋಷ್ಟಕ ನೋಡುವ ಅಧಿಕಾರವಿಲ್ಲ ಎಂಬಂತಹ ಹತ್ತಿಪ್ಪತ್ತು ಪ್ರಶ್ನೆಗಳನ್ನು ಬರೆದಿಟ್ಟು, ಅವುಗಳ ಉತ್ತರವನ್ನು ಲೆಕ್ಕ ಬಲ್ಲವರು ಓದಿ ಒಪ್ಪಿರಬೇಕು. ಹೊಸ ಆವೃತ್ತಿ ಬಂದಾಗ ದತ್ತಾಂಶದ ನಕಲಿನ ಮೇಲೆ ಮೊದಲು ಅದನ್ನು ಹಾಕಿ, ಅವೇ ಪ್ರಶ್ನೆಗಳನ್ನು ಕೇಳಿ ತಾಳೆ ನೋಡಬೇಕು. ಮುಂದೆ ಯಾವಾಗಲಾದರೂ ತೊಂದರೆಯಾದರೆ, ಅದನ್ನು ಸರಿಪಡಿಸಿದ ದಿನವೇ ಅದರ ಪ್ರಶ್ನೆಯನ್ನೂ ಪಟ್ಟಿಗೆ ಸೇರಿಸಬೇಕು. ತಿದ್ದಿದವರು ಕೆಲಸ ಬಿಟ್ಟು ಹೋದ ಮೇಲೂ ಆ ಪ್ರಶ್ನೆ ಪಟ್ಟಿಯಲ್ಲಿ ಉಳಿದಿರುತ್ತದೆ.